ಪೆಟ್ರೋಲಿನ ಪಂಚಾಂಗ

ದೂರದ ಪಯಣಕ್ಕೆ ಹೊರಡುವ ಮುನ್ನ ನಮ್ಮ ಹಿರಿಯರು ಪಂಚಾಂಗವನ್ನು ತೆರೆದು ವಾರಶೂಲೆ, ರಾಹುಕಾಲಗಳನ್ನು ಪರಿಶೀಲಿಸುತ್ತಿದ್ದರಷ್ಟೆ. ಮೈಸೂರಿನಲ್ಲಿ ಜನ್ಮವೆತ್ತಿದ ಯೆಜ್ಡಿಯೆಂಬ ವೃದ್ಧ ವಾಹನಕ್ಕೆ ಒಡೆಯನಾದ ನಾನಾದರೋ, ಶಿಕಾರಿಪುರದಿಂದ ಸೊರಬದ ಮಾರ್ಗವಾಗಿ ಚಂದ್ರಗುತ್ತಿಯ ರೇಣುಕಾಂಬೆಯ ದರ್ಶನಕ್ಕೆ ಹೋಗಿಬರುವ ಸಂಕಲ್ಪ ಉದಿಸಿದಂದು, ಇರುಳು ಹನ್ನೊಂದರವರೆಗೆ ಕುಳಿತು ಪೆಟ್ರೋಲಿನ ಪಂಚಾಂಗವೊಂದನ್ನು ರಚಿಸಿದೆನು. ಸೊರಬಕ್ಕೆ ಸುಮಾರು 40 ಕಿಲೋಮೀಟರು, ಅಲ್ಲಿಂದ ಚಂದ್ರಗುತ್ತಿಗೆ 16, ಹೋಗಿಬರಲು 112. ಲೀಟರಿಗೆ 30ರಂತೆ 4 ಲೀಟರಿಗೆ 120. ಇದರ ಮೇಲೆ ರಿಸರ್ವ್ ಬೇರೆ! ಇಂಧನಮಾಪಕವಿಲ್ಲದ ಈ ಗಾಡಿಯ ಹೊಟ್ಟೆಯಲ್ಲಿ 4 ಲೀಟರು ಇದೆಯೆಂಬುದನ್ನು ಪೊರಕೆಯ ಕಡ್ಡಿಯೊಂದನ್ನು ಅದ್ದಿಯೂ, ಹ್ಯಾಂಡಲು ಹಿಡಿದು ಅಲ್ಲಾಡಿಸಿ ಕುಳುಕುಳು ನಾದವನ್ನು ಆಲಿಸಿಯೂ ದೃಢಪಡಿಸಿಕೊಂಡಿದ್ದೆನು.

ಆದರೆ ಶಿರಾಳಕೊಪ್ಪದ ಆಸುಪಾಸಿಗೆ ಬಂದವನು ಬಳ್ಳಿಗಾವಿಯ ಕೇದಾರೇಶ್ವರನನ್ನು ಕಾಣದೆ ಹೋಗುವುದುಂಟೆ? ಕೇದಾರೇಶ್ವರನನ್ನು ಕಂಡವನು ತಾಳಗುಂದದ ಶಾಸನಸ್ತಂಭವನ್ನು ಬಿಡುವುದುಂಟೆ? ಇಲ್ಲಿಂದ ಕಾಂಚಿಯವರೆಗೆ ವಿದ್ಯಾರ್ಥಿಯಾಗಿ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ ಕಥೆಯನ್ನು ಆ ಕಂಬ ಹೇಳುತ್ತದೆ. ಅಷ್ಟು ದೂರಕ್ಕೆ ಆತ ಯಾವ ಲೆಕ್ಕ ಬರೆದುಕೊಂಡು ಹೊರಟಿದ್ದನೋ ಕಂಬದಲ್ಲಿಲ್ಲ. ಇತಿಹಾಸದ ಈ ಅಡ್ಡದಾರಿಗಳಿಗೆ ನನ್ನ ಪಂಚಾಂಗದಲ್ಲಿ ಕಾಲಂ ಇರಲಿಲ್ಲ.

ದೇವಿಯ ದರ್ಶನ ಮುಗಿಸಿ ಮರಳುವಾಗ ಸೊರಬದ ಬಂಕನ್ನು, ಲೆಕ್ಕ ಬಲ್ಲವನ ಹಮ್ಮಿನಿಂದ, ತಿರುಗಿಯೂ ನೋಡದೆ ದಾಟಿದೆನು. ಕೆಲವು ಮೈಲಿ ಕಳೆದಿತ್ತೋ ಇಲ್ಲವೋ, ಒಂದು ಅಡಿಕೆತೋಟದ ಬಳಿ ಗಾಡಿಯು ಎರಡು ಸಲ ಕೆಮ್ಮಿ ಮೌನವಾಯಿತು. ರಿಸರ್ವ್ ಎಂಬ ಆಪದ್ಧನವನ್ನು ನೆನೆದು, ಮುಗುಳುನಗುತ್ತಲೇ ಟ್ಯಾಂಕಿನ ಕೆಳಗಿನ ನಲ್ಲಿಗೆ ಕೈಹಾಕಿದೆನು. ನಲ್ಲಿಯು ರಿಸರ್ವಿನಲ್ಲೇ ಇತ್ತು. ಹಿಂದಿನ ವಾರ ನಾನೇ ತಿರುಗಿಸಿ ಮರೆತಿದ್ದೆನು!

ತೋಟದಿಂದ ಬಂದ ಯಜಮಾನರೊಬ್ಬರು, ನನ್ನ ಕೈಯಲ್ಲಿದ್ದ ಲೆಕ್ಕದ ಪುಸ್ತಕವನ್ನು ಕಂಡು ನನ್ನ ವೃತ್ತಿಯನ್ನು ತಾವೇ ನಿಶ್ಚಯಿಸಿ, “ಎಂತ ಮೇಷ್ಟ್ರೇ, ಪೆಟ್ರೋಲ್ ಖಾಲಿಯಾ?” ಎಂದರು. ಪೆಟ್ರೋಲು ಸಿಕ್ಕಿದರೂ ಅದಕ್ಕೆ ಆಯಿಲು ಬೆರೆಸದೆ ಈ ಗಾಡಿ ಓಡದೆಂದು ನಾನು ವಿಷಾದದಿಂದ ವಿವರಿಸತೊಡಗಿದೊಡನೆ ಅವರು ನಕ್ಕು, “ನಮ್ಮ ಕಳೆ ಹೊಡೆಯೋ ಮಿಷನ್ನಿಗೂ ಅದೇ ಅಲ್ವಾ ಮಾರಾಯ್ರೇ, ಕಲಸಿಟ್ಟದ್ದೇ ಉಂಟು” ಎಂದು ಕ್ಯಾನು ತಂದು, ಒಂದು ಲೀಟರಿನಷ್ಟನ್ನು ಹನಿ ಚೆಲ್ಲದಂತೆ ಸುರಿದರು, ಹಣವನ್ನು ಮುಟ್ಟಲಿಲ್ಲ.

ಮನೆಗೆ ಬಂದು ಪಂಚಾಂಗವನ್ನು ಹರಿದೆಸೆದೆನು. ಓದುಗ ಮಹಾಶಯರೇ, ಗಾಡಿ ಹೊರಡಿಸುವ ಮುನ್ನ ಬಗ್ಗಿ ಒಮ್ಮೆ ನಲ್ಲಿಯನ್ನು ನೋಡಿರಿ. ಗುಣಾಕಾರವನ್ನು ಆಮೇಲೆ ಮಾಡಬಹುದು.