ಆರ್ಜಿನೀನ್ ಮೀಮಾಂಸೆ: ಭಾವನವರ ಡಬ್ಬಿಗೊಂದು ಭಾಷ್ಯ

ಮಂಗಳಶ್ಲೋಕದ ಬದಲು ಮುಚ್ಚಳ ತಿರುಗಿಸುವ ಸದ್ದಿನಿಂದ ಈ ಗ್ರಂಥ ಆರಂಭವಾಗುತ್ತದೆ. ಡಬ್ಬಿ ನಮ್ಮ ಭಾವನವರದು, ಒಳಗೆ ಆರ್ಜಿನೀನ್ ಪುಡಿ. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅಕ್ಕನಿಗೆ ಸ್ಕ್ಯಾನಿಂಗು, ರಕ್ತಪರೀಕ್ಷೆ, ಎರಡು ಹರಕೆ, ಒಂದು ನಾಗಪ್ರತಿಷ್ಠೆ ಎಲ್ಲ ಆಗಿವೆ. ಭಾವನವರಿಗೆ ಈ ಡಬ್ಬಿ ಆಗಿದೆ.

ಮೊದಲು ಪದನಿಷ್ಪತ್ತಿ. ‘ಆರ್ಜಿನೀನ್’ ಎಂಬುದು ‘ಆರ್ಜನೆ’ಯಿಂದ ಹುಟ್ಟಿತೆಂದು ಡಬ್ಬಿ ಮಾರುವವರು ನಂಬಿದಂತಿದೆ. ಇದು ಅಸಾಧು. 1886ರಲ್ಲಿ ಶುಲ್ಜ ಮತ್ತು ಸ್ಟೈಗರ್ ಲೂಪಿನ್ ಕಾಳಿನ ಮೊಳಕೆಯಿಂದ ಈ ಅಮೈನೋ ಆಮ್ಲವನ್ನು ತೆಗೆದರು; ಹರಳು ಬೆಳ್ಳಿಯಂತೆ ಕಂಡದ್ದರಿಂದ ಬೆಳ್ಳಿಯ ಹೆಸರು ಬಂತು. ಅಂತೂ ದುಡ್ಡಿನ ಸಂಬಂಧ ತಪ್ಪಲಿಲ್ಲ.

ಇನ್ನು ಪೂರ್ವಪಕ್ಷ. ಅದು ದುರ್ಬಲವೇನಲ್ಲ. ಸಾಲ್ಮನ್ ಮೀನಿನ ವೀರ್ಯಾಣುವಿನಲ್ಲಿ ಡಿಎನ್‌ಎಯನ್ನು ಹಾಸಿಗೆ ಸುತ್ತಿದಂತೆ ಬಿಗಿದಿಡುವ ಪ್ರೋಟಮಿನ್ ಎಂಬ ಹಗ್ಗವಿದೆ. ಅದರ ಮೂರರಲ್ಲಿ ಎರಡು ಪಾಲು ಆರ್ಜಿನೀನೇ. ಗಂಡಸಿನ ವೀರ್ಯಾಣುವಿಗೂ ಇದೇ ಜಾತಿಯ ಹಗ್ಗ. ವೀರ್ಯದ ವಾಸನೆಗೆ ಕಾರಣವಾದ ಸ್ಪರ್ಮೀನ್ ಈ ಆಮ್ಲದ ಮೊಮ್ಮಗ. ಇದರಿಂದಲೇ ದೇಹ ನೈಟ್ರಿಕ್ ಆಕ್ಸೈಡ್ ಮಾಡಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಆ ಅನಿಲದ ಕಸುಬು ಪತ್ತೆಹಚ್ಚಿದ ಮೂವರಿಗೆ 1998ರಲ್ಲಿ ನೊಬೆಲ್. ಅದೇ ವರ್ಷ ಅಮೆರಿಕದಲ್ಲಿ, ಆ ಅನಿಲದ ಕೆಲಸಕ್ಕೇ ಒತ್ತಾಸೆಯಾಗುವ ವಯಾಗ್ರಕ್ಕೆ ಅನುಮತಿ. ಮೇಲಾಗಿ 1944ರಲ್ಲಿ ಹೋಲ್ಟ್ ಮತ್ತು ಆಲ್ಬನೀಸ್ ಕೆಲವು ಗಂಡಸರಿಗೆ ಒಂಬತ್ತು ದಿನ ಆರ್ಜಿನೀನ್ ಇಲ್ಲದ ಊಟ ಹಾಕಿ, ವೀರ್ಯಾಣು ಸಂಖ್ಯೆ ಕುಸಿಯಿತೆಂದು ಬರೆದರು.

ಇಲ್ಲಿಂದ ಭಾವನವರ ತರ್ಕ ಹೊರಡುತ್ತದೆ: ಇಲ್ಲದಿದ್ದರೆ ಇಳಿಯುವುದಾದರೆ ಸುರಿದರೆ ಏರಲೇಬೇಕು.

ಆಕ್ಷೇಪ: ಉಪ್ಪಿಲ್ಲದ ಸಾರು ಸಪ್ಪೆ ಎಂದು ಸಾರಿಗೆ ಒಂದು ಸೇರು ಉಪ್ಪು ಸುರಿಯುವವರುಂಟೆ? ಭಾವನವರು ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿಯನ್ನು ಟೀವಿ ಮುಂದೆ ಕೂತು ಸಿಪ್ಪೆಯ ಗುಡ್ಡೆ ಏಳುವವರೆಗೂ ತಿನ್ನುತ್ತಾರೆ. ನೂರು ಗ್ರಾಂ ಬೀಜದಲ್ಲೇ ಸುಮಾರು ಮೂರು ಗ್ರಾಂ ಆರ್ಜಿನೀನ್. ಸಾಲದ್ದಕ್ಕೆ ದೇಹ ತಾನೂ ತಯಾರಿಸಿಕೊಳ್ಳುತ್ತದೆ. ಕೊರತೆ ಎಲ್ಲಿಂದ ಬಂತು?

1973ರಲ್ಲಿ ದಿನಕ್ಕೆ ನಾಲ್ಕು ಗ್ರಾಂ ಕೊಟ್ಟು ಬಹುಮಂದಿಗೆ ಗುಣ ಕಂಡಿತೆಂದವರಿದ್ದಾರೆ. 1978ರಲ್ಲಿ ಬ್ರಿಟನ್ನಿನ ವೈದ್ಯರು ಹೋಲಿಕೆಯ ಗುಂಪನ್ನೂ ಇಟ್ಟು ನೋಡಿದಾಗ ಆ ಗುಣ ಮಾಯವಾಯಿತು. ನಿಮಿರುವಿಕೆಗೆ ಅಷ್ಟಿಷ್ಟು ಅನುಕೂಲ ತೋರಿಸಿದ ಪರೀಕ್ಷೆಗಳಿವೆ ನಿಜ. ಅದು ಬೇರೆಯೇ ಅಧಿಕರಣ. ಅಕ್ಕನಿಂದ ಆ ಬಾಬತ್ತಿನ ದೂರು ಬಂದಿಲ್ಲ, ನಾನು ಕೇಳಿಯೂ ಇಲ್ಲ.

ಪ್ರಯೋಗಭಾಗ. ಸ್ಟೀಲ್ ಲೋಟದಲ್ಲಿ ಒಂದೂವರೆ ಚಮಚ ಪುಡಿ, ಉಗುರುಬೆಚ್ಚಗಿನ ನೀರು. ಮೂಗು ಹಿಡಿದು, ಕಣ್ಣು ಮುಚ್ಚಿ, ಪೂರ್ವಾಭಿಮುಖವಾಗಿ ಕುಡಿಯತಕ್ಕದ್ದು. ಆರೆಂಜ್ ವಾಸನೆ ಡಬ್ಬಿಯ ಚಿತ್ರದಲ್ಲಿದೆ, ಬಾಯಿಗೆ ಬರುವುದು ಕಹಿ. ಹನ್ನೆರಡನೇ ದಿನ ಭಾವನವರು, “ಏನೂ ಆಗ್ಲಿಲ್ವಲ್ಲೇ” ಎಂದರು. ಅಕ್ಕ ತಲೆ ಎತ್ತದೆ ಹುರುಳಿಕಾಯಿ ನಾರು ತೆಗೆಯುತ್ತಾ, “ನಾಟಿ ಹಾಕಿ ಹನ್ನೆರಡು ದಿನಕ್ಕೇ ಕುಡುಗೋಲು ಹಿಡ್ಕೊಂಡು ಗದ್ದೆಗೆ ಹೋಗ್ತಾರೇನ್ರೀ?” ಎಂದಳು. ಶಾಸ್ತ್ರ ಆಕೆಯ ಕಡೆಗಿದೆ: ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು.

“ಅದಿರ್ಲಿ, ಆ ಡಾಕ್ಟ್ರು ಬರ್ಕೊಟ್ಟ ಟೆಸ್ಟು?”

ಈ ಪ್ರಶ್ನೆಗೆ ಭಾವನವರ ಮತದಲ್ಲಿ ಸಮಾಧಾನವಿಲ್ಲ. ವೀರ್ಯಪರೀಕ್ಷೆಗೆ ಬೇಕಾದದ್ದು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಎರಡರಿಂದ ಏಳು ದಿನದ ಬ್ರಹ್ಮಚರ್ಯ, ಬಾಗಿಲು ಹಾಕಿದ ಒಂದು ಕೋಣೆ, ಅಷ್ಟೆ. ಚೀಟಿ ಎಂಟು ತಿಂಗಳಿಂದ ಕ್ಯಾಲೆಂಡರಿನ ಹಿಂದೆ ಮಡಚಿಕೊಂಡಿತ್ತು. ದೊಡ್ಡ ಡಬ್ಬಿಗೆ ಮೂರು ಸಾವಿರ ಕೊಟ್ಟ ಕೈ ಚಿಕ್ಕ ಡಬ್ಬಿಯನ್ನು ಮುಟ್ಟಲು ನಡುಗುವುದೇಕೆ ಎಂಬಲ್ಲಿ ವ್ಯಾಖ್ಯಾನಕಾರರೆಲ್ಲ ಮೌನಿಗಳು. ಬಿಸಿ, ತಂಬಾಕು, ವೃಷಣದ ಊದಿದ ರಕ್ತನಾಳ ಇತ್ಯಾದಿ ನಿಜವಾದ ಕಾರಣಗಳು ಆ ಚಿಕ್ಕ ಡಬ್ಬಿಯ ದಾರಿಯಲ್ಲೇ ಸಿಗಬೇಕು.

ಕಳೆದ ಸೋಮವಾರ ಅಕ್ಕ ಚೀಟಿಯನ್ನು ಭಾವನವರ ಜೇಬಿಗಿಟ್ಟು, ಸ್ಕೂಟರಿನ ಹಿಂದೆ ತಾನೇ ಕೂತು ಹೊರಟಳು. ರಿಪೋರ್ಟು ಬರುವುದರೊಳಗೆ ಡಬ್ಬಿ ತೊಳೆದು ಹುಣಸೆಹಣ್ಣು ತುಂಬಿಯಾಗಿತ್ತು. ಉಳಿದ ಪುಡಿ ಗುಲಾಬಿಯ ಬುಡಕ್ಕೆ. ಆರ್ಜಿನೀನಿನ ಅಣುವೊಂದರಲ್ಲಿ ನಾಲ್ಕು ಸಾರಜನಕವಿದೆ, ಗಿಡಕ್ಕೆ ಆದೀತು. ಈಗ ಮೂರು ಮೊಗ್ಗು ಬಂದಿವೆ. ಹೋಲಿಕೆಗೆ ಪಕ್ಕದಲ್ಲಿ ಇನ್ನೊಂದು ಗಿಡ ಇರಲಿಲ್ಲವಾದ್ದರಿಂದ ಈ ಫಲಿತಾಂಶವನ್ನು ಪ್ರಕಟಿಸುತ್ತಿಲ್ಲ.