ಅಧಿಕಾರದ ಸಂಧಿಪ್ರಕರಣ: ಒಂದು ಪ್ರೌಢ ಅನುಸಂಧಾನ

ಪ್ರಸ್ತಾವನೆ: ಪುಣೆಯ ವಿಚಾರಸಂಕಿರಣವೊಂದರಲ್ಲಿ ಅಧಿಕಾರ ಮತ್ತು ನೈತಿಕತೆಯ 'ಬಹುಮುಖೀ ಪರಿಪ್ರೇಕ್ಷ್ಯ'ಗಳನ್ನು ಊಟದ ಹೊತ್ತು ಮೀರುವ ತನಕ ಕೇಳಿದ ಪುಣ್ಯದಿಂದ ನನಗೂ ಒಂದು ಸಿದ್ಧಾಂತ ಹೊಳೆದಿದೆ. ಅಧಿಕಾರವನ್ನು ರಾಜ್ಯಶಾಸ್ತ್ರದಿಂದ ಬಿಡಿಸಿ ವ್ಯಾಕರಣ ವಿಭಾಗಕ್ಕೆ ವರ್ಗಾಯಿಸತಕ್ಕದ್ದು. ಆಕರ: ಪೇಶ್ವೆಗಳ ಅರಮನೆ ಶನಿವಾರವಾಡೆ. ವಿಧಾನ: ಹೈಸ್ಕೂಲಿನ ಸಂಧಿಪಾಠ.

1. ಲೋಪಸಂಧಿ: ಪೂರ್ವಪದದ ಸ್ವರ ಉತ್ತರಪದಕ್ಕೆ ಎಡೆಗೊಟ್ಟು ಇಲ್ಲವಾಗುವುದು. ಉದಾ: 1773ರ ಆಗಸ್ಟ್ 30. ಪೂರ್ವಪದ, ಪೇಶ್ವೆ ನಾರಾಯಣರಾವ್, ವಯಸ್ಸು 18. ಉತ್ತರಪದ, ಚಿಕ್ಕಪ್ಪ ರಘುನಾಥರಾವ್. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂಬುದು ನಿಯಮ. ಇಲ್ಲಿ ಅರ್ಥವೆಂದರೆ ಅವನನ್ನು ಕೊಂದ ಕಾವಲಿನ ಗಾರದಿಗಳ ಬಾಕಿ ಸಂಬಳ.

2. ಆದೇಶಸಂಧಿ: ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಬಂದು ಕೂರುವುದು. ರಘುನಾಥರಾವ್ ಗಾರದಿಗಳಿಗೆ 'ಧರಾವೇ', ಹಿಡಿಯಿರಿ, ಎಂದು ಬರೆದಿದ್ದ. ಹೆಂಡತಿ ಆನಂದೀಬಾಯಿ 'ಧ'ವನ್ನು 'ಮಾ' ಮಾಡಿ 'ಮಾರಾವೇ', ಕೊಲ್ಲಿರಿ, ಆಗಿಸಿದಳು ಎಂದು ಜನರ ಕಥೆ. ಬರೆದದ್ದನ್ನು ತಿರುಚಿದರೆ 'ಧ ಚಾ ಮಾ' ಮಾಡಿದ ಎಂದು ಮರಾಠಿಯಲ್ಲಿ ಇಂದಿಗೂ ಅನ್ನುತ್ತಾರೆ. ಕಥೆಯ ಅನುಕೂಲ ನೋಡಿ: ಪಾಪವೆಲ್ಲ ಹೆಂಗಸಿನ ಲೇಖನಿಗೆ, ಗಾದಿ ಗಂಡಸಿಗೆ.

3. ಆಗಮಸಂಧಿ: ನಡುವೆ ಮೂರನೆಯದೊಂದು ನುಗ್ಗುವುದು. ಯಕಾರ, ವಕಾರಗಳು ಕರೆಯದೆ ಬರುತ್ತವೆ, ಇಂಗ್ಲಿಷರನ್ನು ರಘುನಾಥರಾವನೇ ಕರೆಸಿಕೊಂಡ. 1775ರ ಸೂರತ್ ಸಂಧಿ: 2,500 ಸಿಪಾಯಿಗಳಿಗೆ ಬದಲಾಗಿ ಸಾಷ್ಟಿ ಮತ್ತು ವಸಯಿ. ಆಮೇಲೆ ಪುರಂದರ, ಸಾಲ್ಬಾಯಿ. 1802ರಲ್ಲಿ ಮಗ ಎರಡನೇ ಬಾಜೀರಾಯನಿಂದ ವಸಯಿ ಸಂಧಿ. 1818ಕ್ಕೆ ಪದವಿ ಹೋಗಿ ವರ್ಷಕ್ಕೆ 8 ಲಕ್ಷ ರೂಪಾಯಿಯ ಪಿಂಚಣಿ ಉಳಿಯಿತು.

4ರಿಂದ 11ರವರೆಗಿನ ಉಪವರ್ಗಗಳನ್ನು ಕೈಬಿಡಲಾಗಿದೆ. ಬೇಜಾರಾಯಿತು.

ನೈತಿಕತೆಯ ಸ್ಥಾನ: ಅದೊಂದು 'ಸಾಂದರ್ಭಿಕ ರಚನೆ' ಎಂದರು ಸಂಕಿರಣದಲ್ಲಿ. ತಲೆಗಳೆಲ್ಲ ಆಡಿದವು. ಸಾಂದರ್ಭಿಕವಂತೆ! ಒಡೆಯ ನಾರಾಯಣರಾವನನ್ನು ಉಳಿಸಲು ಕತ್ತಿಗೆ ಮೈಯೊಡ್ಡಿ ಸತ್ತ ಸೇವಕ ಚಾಪಾಜಿ ಟಿಳೇಕರ ಯಾವ ಪರಿಪ್ರೇಕ್ಷ್ಯದಲ್ಲಿ ನಿಂತಿದ್ದ ಸ್ವಾಮಿ? ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಕೊಲೆಯ ವಿಚಾರಣೆ ನಡೆಸಿದರು. ನಿನ್ನ ಪಾಪಕ್ಕೆ ದೇಹಾಂತವೇ ಪ್ರಾಯಶ್ಚಿತ್ತ ಎಂದು ಗಾದಿಯಲ್ಲಿ ಕೂತವನ ಮುಖಕ್ಕೇ ಹೇಳಿ ಪುಣೆ ಬಿಟ್ಟು ನಡೆದರು ಎಂದು ಊರೆಲ್ಲ ಹೇಳುತ್ತದೆ. ಹೀಗೆ ಸಂಧಿಗೆ ಒಪ್ಪದೆ ಪದ ಇದ್ದಂತೆಯೇ ನಿಲ್ಲುವುದಕ್ಕೆ ವ್ಯಾಕರಣದಲ್ಲಿ ಪ್ರಕೃತಿಭಾವ ಎಂದು ಹೆಸರು. ಪಾಠದ ಕೊನೆಗೆ ಎರಡೇ ಸಾಲು ಇತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ಬಿಟ್ಟುಬಿಡುತ್ತಿದ್ದರು.

ಆ ಎರಡು ಸಾಲಿನಲ್ಲೇ ಇನ್ನೊಂದು ಉದಾಹರಣೆಯಿತ್ತು: ಕೂಗಿ ಕರೆಯುವಾಗ ಎಳೆಯುವ ಪ್ಲುತಸ್ವರ. 'ಅಣ್ಣಾ, ಓಡಿ ಬಾ.' ವಾಡೆಯ ಕೋಣೆಗಳಲ್ಲಿ ಆ ಹುಡುಗ 'ಕಾಕಾ, ಮಲಾ ವಾಚವಾ', ನನ್ನನ್ನು ಉಳಿಸು, ಎಂದು ಕೂಗುತ್ತಾ ಓಡಿದನಂತೆ. ಹುಣ್ಣಿಮೆಯ ರಾತ್ರಿ ಈಗಲೂ ಕೇಳಿಸುತ್ತದೆ ಎನ್ನುತ್ತಾರೆ. ವಿಜಾಪುರದ ಕಡೆಯವನಾದ ನನಗೆ ಅದರ ಅರ್ಥ ಯಾರೂ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲೂ ಚಿಕ್ಕಪ್ಪ ಕಾಕಾನೇ. ಆ ಕೊನೆಯ ದೀರ್ಘದ ಮುಂದೆ ಸೂರತ್ತಿನದಾಗಲಿ ಸಾಲ್ಬಾಯಿಯದಾಗಲಿ, ಯಾವ ಸಂಧಿಯೂ ಆಗದು.