ನೆಲ ಎಷ್ಟು ಡೊಂಕು?

ಜಾತ್ರೆಯ ಬಲೂನು ಅಂಗಡಿಯಲ್ಲಿ ಗುರಿ ತಪ್ಪಿದವರೆಲ್ಲ ಹೇಳುವುದು ಒಂದೇ ಮಾತು: "ಗನ್ನೇ ಸರಿ ಇಲ್ಲ, ಸೈಟ್ ಔಟು." ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕದ ಹಬ್ಬವಾಗಲಿ, ಹಲಸೂರು ಸೋಮೇಶ್ವರನ ತೇರಾಗಲಿ, ಬೈಗುಳ ಬದಲಾಗುವುದಿಲ್ಲ. ಬೆಂಗಳೂರಿನ ದಂಡಿನ ಕಡೆಯವರಿಗಂತೂ ಬಂದೂಕಿನ ಬಗ್ಗೆ ತೀರ್ಪು ಕೊಡುವ ಹಕ್ಕು ವಿಳಾಸದ ಜೊತೆಗೇ ಬಂದುಬಿಡುತ್ತದೆ. 1809ರಲ್ಲಿ ಬ್ರಿಟಿಷರ ಪಟಾಲಂ ಶ್ರೀರಂಗಪಟ್ಟಣ ಬಿಟ್ಟು ಇಲ್ಲಿ ಬೀಡುಬಿಟ್ಟಿತು. ರಸ್ತೆಗಳಿಗೆ ಇನ್‌ಫೆಂಟ್ರಿ, ಬ್ರಿಗೇಡ್ ಎಂದು ಹೆಸರಾಯಿತು. ಹಲಸೂರು ಕೆರೆಯ ಮಗ್ಗುಲಲ್ಲಿ ಮದ್ರಾಸ್ ಸ್ಯಾಪರ್ಸ್ ಇಂದಿಗೂ ಇದ್ದಾರೆ. ಇಂಥ ಕಡೆ ಹನ್ನೊಂದು ತಿಂಗಳ ಅಗ್ರಿಮೆಂಟಿನ ಮೇಲೆ ಬಾಡಿಗೆಗಿದ್ದವನೂ ಅರ್ಧ ಸುಬೇದಾರನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಕ್ಕುಬಿಡುವುದು ಸುಲಭ. ಆದರೆ ನೆಲ ನಿಜಕ್ಕೂ ಡೊಂಕಿರಬಹುದಲ್ಲ? ಅಳೆದು ನೋಡೋಣ. ಹತ್ತಿಪ್ಪತ್ತು ರೂಪಾಯಿಯ ಆಟಕ್ಕೆ ತ್ರೈರಾಶಿ ಹಾಕುವವನಿಗೆ ಬೇರೆ ಕೆಲಸವಿಲ್ಲವೇ ಎಂದರೆ, ಇಲ್ಲ. ಇದ್ದರೂ ಇದರಷ್ಟು ಸೊಗಸಾಗಿಲ್ಲ.

ಅಂಗಡಿಯ ಏರ್‌ಗನ್ನಿನಲ್ಲಿ ಸೈಟ್ ಎಂದರೆ ಹಿಂದಿನ ಕಚ್ಚು ಮತ್ತು ಮೂತಿಯ ಮೇಲಿನ ಮೊಳೆ; ಎರಡರ ನಡುವೆ 45 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಬಲೂನಿನ ಹಲಗೆ 3 ಮೀಟರ್ ದೂರ. ಮೊಳೆ ಒಂದು ಮಿಲಿಮೀಟರ್ ಪಕ್ಕಕ್ಕೆ ವಾಲಿದರೆ ಹಲಗೆಯ ಮೇಲೆ ಏಟು ಜರುಗುವುದು 7 ಮಿ.ಮೀ.ಗಿಂತ ಕೊಂಚ ಕಡಿಮೆ. ಬಲೂನಿನ ಅಗಲ 15 ಸೆಂ.ಮೀ. ನಟ್ಟನಡುವೆ ಗುರಿಯಿಟ್ಟವನಿಗೆ ಅದು ತಪ್ಪಬೇಕಾದರೆ ಮೊಳೆ 11 ಮಿ.ಮೀ. ಸರಿದಿರಬೇಕು. ಅಷ್ಟು ಸರಿದ ಮೊಳೆ ನಳಿಗೆಯ ಅಂಚಿನಿಂದ ಆಚೆ ನೇತಾಡುತ್ತಿರುತ್ತದೆ, ಪಕ್ಕದ ಚುರುಮುರಿ ಗಾಡಿಯವರೇ ಕರೆದು ಹೇಳುತ್ತಾರೆ. ಸಾಲದ್ದಕ್ಕೆ ಬಲೂನುಗಳು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಸೈಟ್ ಮಾತ್ರ ಕೆಟ್ಟಿದ್ದರೆ ಕೆಂಪಿಗೆ ಹೊಡೆದದ್ದು ಹಳದಿಯನ್ನಾದರೂ ಒಡೆಯಬೇಕಿತ್ತು. ಎರಡು ಬಲೂನುಗಳ ಸಂದಿಯಲ್ಲೇ ಚರೆ ತೂರಿಸುವುದು ಕೆಟ್ಟ ಸೈಟಿನ ಕೈಲಾಗುವ ಕೆಲಸವಲ್ಲ, ಅದಕ್ಕೆ ಪ್ರತಿಭೆ ಬೇಕು.

ತಪ್ಪಿದ ಮರುಗಳಿಗೆಯನ್ನು ಇಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಕು. ಟಪ್ ಎಂದು ಚರೆ ಹಿಂದಿನ ಬಟ್ಟೆಗೆ ಬಡಿಯುತ್ತದೆ, ಬಲೂನು ಗಾಳಿಗೆ ತಲೆಯಾಡಿಸುತ್ತದೆ. ಹೊಡೆದವನು ಬಲೂನನ್ನು ನೋಡುವುದಿಲ್ಲ, ಹೆಂಡತಿಯನ್ನಂತೂ ನೋಡುವುದೇ ಇಲ್ಲ. ಗನ್ನನ್ನು ನಿಧಾನವಾಗಿ ಕೆಳಗಿಳಿಸುತ್ತಾನೆ. ಅಡ್ಡಲಾಗಿ ಹಿಡಿದು ತೂಗುತ್ತಾನೆ. ಹಿಡಿಯ ಮೇಲೆ ಎರಡು ಸಲ ತಟ್ಟುತ್ತಾನೆ. ಒಂದು ಕಣ್ಣು ಮುಚ್ಚಿ ನಳಿಗೆಯುದ್ದಕ್ಕೂ ನೋಡುತ್ತಾನೆ, ತಲೆಯಾಡಿಸುತ್ತಾನೆ, ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿ ಇನ್ನೂ ಆಳವಾಗಿ ತಲೆಯಾಡಿಸುತ್ತಾನೆ. ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಅಲುಗದಿದ್ದರೂ "ಹ್ಞಾಂ, ಇದೇ ನೋಡಿ" ಎನ್ನುತ್ತಾನೆ. ಗುಜರಿಯಲ್ಲಿ ಹಳೇ ಮಿಕ್ಸಿ ಕೊಳ್ಳುವಾಗಲೂ ಇಷ್ಟು ಪರೀಕ್ಷೆ ನಡೆದಿರುವುದಿಲ್ಲ. ಇದೆಲ್ಲ ಕುದುರೆ ಎಳೆಯುವ ಮೊದಲು ನಡೆದಿದ್ದರೆ ಬಲೂನು ಉಳಿಯುತ್ತಲೇ ಇರಲಿಲ್ಲ.

ಹಾಗಾದರೆ ಶೂಟರ್ ಅಭಿನವ್ ಬಿಂದ್ರಾ ವಿಷಯವೇನು ಎಂದು ತಿಳಿದವರು ಕೇಳಬಹುದು. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಸ್ವಲ್ಪ ಮುಂಚೆ ಅವರ ಪರೀಕ್ಷಾ ಗುಂಡು ಎಲ್ಲೆಲ್ಲಿಗೋ ಹೋಯಿತು. ಸೈಟನ್ನು ಯಾರೋ ಅಲುಗಿಸಿದ್ದರೆಂದು ಅವರೇ ಮುಂದೆ ಹೇಳಿದ್ದಾರೆ. ಸರಿಪಡಿಸಿಕೊಂಡು, ಕೊನೆಯ ಗುಂಡಿಗೆ 10.8 ಗಳಿಸಿ ಚಿನ್ನ ಗೆದ್ದರು. ಆದರೆ ಅಲ್ಲಿ ದೂರ 10 ಮೀಟರ್, ನಡುವಿನ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ನಮ್ಮ ಬಲೂನು ಅದರ ಮುನ್ನೂರು ಪಟ್ಟು. ಬಿಂದ್ರಾ ಅವರ ಕಷ್ಟವನ್ನು ನಾವು ಎರವಲು ಪಡೆಯುವಂತಿಲ್ಲ.

ಅಂಗಡಿಯವರೇ ಬೇಕೆಂದು ಡೊಂಕು ಮಾಡಿಟ್ಟಿರುತ್ತಾರೆ, ಒಡೆಯದ ಬಲೂನು ಅವರಿಗೆ ಉಳಿತಾಯ ಎಂಬ ವಾದವೂ ಇದೆ. ಹಾಗಿದ್ದರೆ ಏಟೆಲ್ಲ ಒಂದೇ ಕಡೆಗೆ ಬೀಳಬೇಕು, ಎರಡು ಚರೆ ಹೊಡೆದವನು ಮೂರನೆಯದಕ್ಕೆ ಅಷ್ಟೇ ಆಚೆಗೆ ಗುರಿಯಿಟ್ಟು ಗೆಲ್ಲುತ್ತಾನೆ. ವ್ಯಾಪಾರದ ಲೆಕ್ಕವೂ ಉಲ್ಟಾ: ತಪ್ಪಿದವನು ಬೈದು ಹೊರಡುತ್ತಾನೆ, ಒಡೆದವನು "ಇನ್ನೂ ಹತ್ತು ಹಾಕಣ್ಣ" ಎನ್ನುತ್ತಾನೆ.

ಗನ್ನು ಸಂಪೂರ್ಣ ನಿರ್ದೋಷಿ ಎಂದಲ್ಲ. ಸಂಜೆಯಿಡೀ ನಳಿಗೆಯನ್ನು ಮಡಚಿ ಚರೆ ತುಂಬುವ ಗನ್ನಿನ ಕೀಲು ಸವೆಯುತ್ತದೆ, ಸ್ಪ್ರಿಂಗ್ ಸೋಲುತ್ತದೆ. ನಳಿಗೆ ತೆರೆದಿರುವಾಗಲೇ ಯಾರಾದರೂ ಕುದುರೆ ಎಳೆದರೆ ಅದು ರಪ್ಪೆಂದು ಮುಚ್ಚಿಕೊಂಡು ಬುಡದಲ್ಲಿ ಮೇಲಕ್ಕೆ ಬಾಗಬಹುದು. ಬಾಗಿದ ನಳಿಗೆಯ ಏಟು ಗುರಿಯಿಂದ ಮೇಲಕ್ಕೆ ಜರುಗೀತು. ಪತ್ತೆ ಹಚ್ಚುವುದು ಕಷ್ಟವಲ್ಲ. ಒಂದೇ ಜಾಗಕ್ಕೆ ಗುರಿಯಿಟ್ಟು ಮೂರು ಚರೆ ಹೊಡೆಯಬೇಕು. ಮೂರೂ ಒಂದೇ ಮಗ್ಗುಲಿಗೆ ಗುಂಪಾಗಿ ಬಿದ್ದರೆ ದೋಷ ಸೈಟಿನದು ಅಥವಾ ನಳಿಗೆಯದು; ಸೈಟಾದರೆ, ಏಟು ಯಾವ ಕಡೆಗೆ ಹೋಗಬೇಕೋ ಹಿಂದಿನ ಕಚ್ಚನ್ನು ಆ ಕಡೆಗೇ ಸರಿಸಬೇಕು, ಮುಂದಿನ ಮೊಳೆಯನ್ನಾದರೆ ಅದರ ಎದುರು ಕಡೆಗೆ. ಚರೆಗಳು ಚೆಲ್ಲಾಪಿಲ್ಲಿಯಾದರೆ ಕೀಲು ಸಡಿಲ, ಇಲ್ಲವೇ ಕೈ ಸಡಿಲ. ಯಾವುದೆಂದು ತಿಳಿಯಲು ಗನ್ನನ್ನು ಇನ್ನೊಬ್ಬರಿಗೆ ಕೊಟ್ಟರಾಯಿತು. ಈ ಕೊನೆಯ ಪರೀಕ್ಷೆಗೆ ಗಂಡಸರು ಒಪ್ಪುವುದು ಅಪರೂಪ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. 4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡವೆಂದು ಕಾನೂನು ಬಿಟ್ಟಿದೆ. ಅದನ್ನೇ ಆಟಿಕೆ ಎಂದುಕೊಂಡು ಚರೆ ತುಂಬಿದ ಗನ್ನು ಹಿಡಿದು ಸೆಲ್ಫಿಗೆಂದು ಹಿಂದಕ್ಕೆ ತಿರುಗುವವರಿದ್ದಾರೆ. ಆ ಚರೆಗೆ ಕಣ್ಣು ಹೋಗುತ್ತದೆ. ಅಂಗಡಿಯವರು ಬಲೂನು ಕಟ್ಟಲು ಹಲಗೆಯ ಹತ್ತಿರ ಹೋದಾಗ ಗನ್ನು ಮೇಜಿನ ಮೇಲಿರಲಿ, ಬೆರಳು ಕುದುರೆಯಿಂದ ದೂರವಿರಲಿ. ಮೂರು ಚರೆ ಹೊಡೆದು ನೋಡಿ. ಆಮೇಲೂ ಬೈಯಲೇಬೇಕೆನಿಸಿದರೆ ಸೈಟನ್ನು ಬಿಟ್ಟು ಕೀಲನ್ನು ಬೈಯಿರಿ, ಮತ್ತು ದುಡ್ಡು ಕೊಟ್ಟು ಬನ್ನಿ.